ಓದುಗರ ಪ್ರಶ್ನೆ: ಹೂವಿಲ್ಲದ ಗಿಡಕ್ಕೆ ಬೀಜವೆಲ್ಲಿಯದು?

ಪ್ರಶ್ನೆ: ಕುಂಡದಲ್ಲಿ ಬೆಳೆಸಿರುವ ಜರೀಗಿಡದ ಎಲೆಗಳ ಹಿಂಬದಿಯಲ್ಲಿ ಕಂದು ಚುಕ್ಕೆಗಳು ಸಾಲಾಗಿ ಮೂಡಿವೆ. ರೋಗವೆಂದು ತಿಳಿದು ಕೆಲವು ಎಲೆಗಳನ್ನು ಕತ್ತರಿಸಿ ಹಾಕಿದೆ. ಅವು ಬೀಜಗಳೆಂದು ಪರಿಚಿತರೊಬ್ಬರು ಹೇಳುತ್ತಾರೆ. ಹೂವೇ ಬಿಡದ ಗಿಡದಲ್ಲಿ ಬೀಜ ಬರುವುದು ಹೇಗೆ? ಇದು ಸಸ್ಯಗಳ ಯಾವ ಗುಂಪಿಗೆ ಸೇರುತ್ತದೆ?

ಉತ್ತರ: ಅದು ರೋಗವೂ ಅಲ್ಲ, ಬೀಜವೂ ಅಲ್ಲ. ಎಲೆಗಂಟಿ ರಸ ಹೀರುವ ಶಲ್ಕ ಕೀಟಗಳಾಗಿದ್ದರೆ ಅಡ್ಡಾದಿಡ್ಡಿಯಾಗಿ ಎಲೆಯ ದಂಟಿನ ಮೇಲೂ ಅಂಟಿಕೊಂಡಿರುತ್ತಿದ್ದವು. ಕ್ರಮ ತಪ್ಪದೆ ಸಾಲುಗಟ್ಟಿರುವ ಚುಕ್ಕೆಗಳು ಬೀಜಾಣು ಚೀಲಗಳ ಗೊಂಚಲುಗಳು. ಬಲಿತ ಎಲೆಯೊಂದನ್ನು ಚುಕ್ಕೆಗಳು ಕೆಳಗಿರುವಂತೆ ಬಿಳಿ ಕಾಗದದ ಮೇಲಿರಿಸಿ ಒಂದು ರಾತ್ರಿ ಬಿಟ್ಟರೆ, ಬೆಳಿಗ್ಗೆ ಕಾಗದದ ಮೇಲೆ ನಯವಾದ ಕಂದು ಪುಡಿ ಉದುರಿರುತ್ತದೆ. ಅದರ ಒಂದೊಂದು ಕಣವೂ ಒಂದು ಬೀಜಾಣು; ಅದರಲ್ಲಿ ಇರುವುದು ಒಂದೇ ಜೀವಕೋಶ. ಬೀಜದೊಳಗಾದರೋ ಎಳೆಯ ಸಸಿಯೊಂದು ಆಗಲೇ ರೂಪುಗೊಂಡು, ಬುತ್ತಿಯೊಂದಿಗೆ ಸಿಪ್ಪೆಯೊಳಗೆ ಕಾದಿರುತ್ತದೆ.

ಬೀಜಾಣು ಮೊಳೆತಾಗ ನೇರವಾಗಿ ಜರೀಗಿಡ ಹುಟ್ಟುವುದಿಲ್ಲ. ಉಗುರಿಗಿಂತ ಚಿಕ್ಕದಾದ, ಸಾಮಾನ್ಯವಾಗಿ ಹೃದಯದ ಆಕಾರದ ತೆಳು ಹಸಿರು ಹಾಳೆಯೊಂದು ನೆಲಕ್ಕಂಟಿ ಬೆಳೆಯುತ್ತದೆ. ಅದರ ಅಡಿಯಲ್ಲಿ ಪುರುಷಾಣುಗಳು ನೀರಿನ ತೆಳುಪೊರೆಯಲ್ಲಿ ಈಜಿ ಅಂಡವನ್ನು ಸೇರಿದ ಬಳಿಕವೇ ಹೊಸ ಗಿಡ ಮೇಲೇಳುತ್ತದೆ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಹೂವಿಲ್ಲದ ಸಸ್ಯಗಳನ್ನೆಲ್ಲ ತನ್ನ 24ನೆಯ ವರ್ಗಕ್ಕೆ ಸೇರಿಸಿ, 'ಗುಪ್ತ ವಿವಾಹ' ಎಂಬ ಅರ್ಥದ ಹೆಸರಿಟ್ಟಿದ್ದನು. ಹೆಸರು ಸೊಗಸಾಗಿದೆ, ಆದರೆ ಅಣಬೆಗಳೂ ಅದೇ ವರ್ಗದಲ್ಲಿದ್ದವು. ಇಂದು ಅವನ್ನು ಸಸ್ಯಗಳೆಂದೇ ಗಣಿಸುವುದಿಲ್ಲ.

ಗುಂಪುಗಳ ನಡುವಣ ವ್ಯತ್ಯಾಸವನ್ನು ಗಾತ್ರದಿಂದ ಅಳೆಯುವುದಕ್ಕಿಂತ, ನೀರಿನ ಹಂಗನ್ನು ಯಾವುದು ಎಷ್ಟು ಕಳಚಿಕೊಂಡಿದೆ ಎಂದು ಕೇಳುವುದು ಲೇಸು. ಹಾವಸೆಗಳಿಗೆ ನಿಜವಾದ ಬೇರಿಲ್ಲ, ಮರದ ತಿರುಳಾಗಬಲ್ಲ ಗಟ್ಟಿ ನಾಳಗಳೂ ಇಲ್ಲ; ಆದ್ದರಿಂದ ಸುಮಾರು 20,000 ಪ್ರಭೇದಗಳಿದ್ದರೂ ಬಹುತೇಕ ಎಲ್ಲವೂ ಕೆಲವೇ ಸೆಂಟಿಮೀಟರ್ ಎತ್ತರದಲ್ಲಿ ನಿಂತುಬಿಟ್ಟಿವೆ. ಜರೀಗಿಡಗಳಿಗೆ ನಾಳಗಳಿರುವುದರಿಂದ ಅವುಗಳಲ್ಲಿ ಕೆಲವು ಮರದಷ್ಟು ಬೆಳೆಯುತ್ತವೆ, ಆದರೆ ಕೂಡುವಿಕೆಗೆ ಇನ್ನೂ ನೀರೇ ಬೇಕು. ಪೈನ್‌ನಂತಹ ಅನಾವೃತಬೀಜ ಸಸ್ಯಗಳು ಆ ಹಂಗನ್ನೂ ಕಳಚಿಕೊಂಡವು: ಗಾಳಿಯಲ್ಲಿ ತೇಲಿಬಂದ ಪರಾಗವು ನಳಿಕೆ ಚಾಚಿ ಅಂಡವನ್ನು ಮುಟ್ಟುತ್ತದೆ, ಬೀಜವು ಶಂಕುವಿನ (ಪೈನ್ ಮರದ ಪದರು ಪದರಾದ ಗೊಂಚಲಿನ) ಪದರದ ಮೇಲೆ ಬರಿಮೈಯಲ್ಲಿ ಕೂರುತ್ತದೆ. ಪ್ರಭೇದಗಳು ಸುಮಾರು 1,000 ಮಾತ್ರ, ಆದರೆ 110 ಮೀಟರಿಗೂ ಎತ್ತರದ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಮರಗಳು ಈ ಗುಂಪಿನವೇ. ಬೀಜವನ್ನು ಅಂಡಾಶಯದೊಳಗೆ ಮುಚ್ಚಿಟ್ಟು ಕಾಯಿಯಾಗಿಸುವ ಹೂಗಿಡಗಳು ಸುಮಾರು 3 ಲಕ್ಷ ಪ್ರಭೇದಗಳಷ್ಟಿದ್ದು, ಹುಲ್ಲಿನಿಂದ ಆಲದವರೆಗೆ ನಾವು ದಿನವೂ ಕಾಣುವ ಹೆಚ್ಚಿನ ಸಸ್ಯಗಳು ಅವೇ.

ನಿಮ್ಮ ಗಿಡದ ಉಳಿದ ಎಲೆಗಳನ್ನು ಕತ್ತರಿಸಬೇಡಿ.

ಪ್ರಶ್ನೆ: ಸೈಕಸ್ ಗಿಡವು ತಾಳೆಯ ಜಾತಿಯದೇ?

ಉತ್ತರ: ನೋಟ ಹಾಗಿದೆ, ನೆಂಟಸ್ತಿಕೆ ಇಲ್ಲ. ತಾಳೆ ಹೂಬಿಟ್ಟು ಕಾಯಿ ಕಟ್ಟುತ್ತದೆ. ಸೈಕಸ್ ಪೈನ್‌ನ ಬಳಗದ್ದು. ಅದರ ಎಳೆಯ ಗರಿ ಬಿಚ್ಚುವಾಗ ಹತ್ತಿರದಿಂದ ನೋಡಿದರೆ ಪ್ರತಿಯೊಂದು ಕಿರಿಯೆಲೆಯೂ ಜರೀಗಿಡದ ಎಳೆಯೆಲೆಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಇನ್ನೊಂದು ಹಳೆಯ ಗುಣವನ್ನೂ ಅದು ಬಿಟ್ಟಿಲ್ಲ: 1896ರಲ್ಲಿ ಜಪಾನಿನ ಸಸ್ಯವಿಜ್ಞಾನಿಗಳಾದ ಹಿರಾಸೆ ಗಿಂಕ್ಗೊ ಎಂಬ ಇನ್ನೊಂದು ಅನಾವೃತಬೀಜ ಮರದಲ್ಲಿ, ಇಕೆನೊ ಸೈಕಸ್‌ನಲ್ಲಿ ಈಜುವ ಪುರುಷಾಣುಗಳನ್ನು ಕಂಡರು. ಪರಾಗ ಗಾಳಿಯಲ್ಲಿಯೋ ಕೀಟದ ಮೈಮೇಲೆಯೋ ಬಂದರೂ, ಕೊನೆಯ ಕೂದಲೆಳೆಯಷ್ಟು ದೂರವನ್ನು ಸೈಕಸ್‌ನ ಪುರುಷಾಣು ಇಂದಿಗೂ ಈಜಿಯೇ ದಾಟುತ್ತದೆ.