ಸುಣ್ಣಕಲ್ಲಿನ ಗುಹೆ ನೋಡಲು ಹೋದರೆ ಏನನ್ನೂ ಮುಟ್ಟಬೇಡಿ ಅಂತಾರಲ್ಲ, ಯಾಕೆ?

ನಮ್ಮ ಕೈಯ ಜಿಡ್ಡೇ ಕಾರಣ. ಮಳೆನೀರು ಮಣ್ಣಿಗಿಳಿಯುವಾಗ ಕಾರ್ಬನ್ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ, ಸುಣ್ಣಕಲ್ಲನ್ನು ಕರಗಿಸಿಕೊಂಡು ಬಂದು ಗುಹೆಯ ಚಾವಣಿಯಲ್ಲಿ ಹನಿಯಾಗಿ ನೇತಾಡುತ್ತದೆ, ಆಗ ಅನಿಲ ಹಾರಿಹೋಗಿ ಹನಿಯ ಅಂಚಿನಲ್ಲಿ ತೆಳ್ಳನೆಯ ಸುಣ್ಣದ ಬಳೆ ಉಳಿಯುತ್ತದೆ. ಬಳೆಗೆ ಬಳೆ ಸೇರಿ ಚಾವಣಿಯಿಂದ ಇಳಿಬಿದ್ದ ಸುಣ್ಣದ ಕಡ್ಡಿ ಕೆಲವು ಇಂಚು ಬೆಳೆಯಲು ಸಾಮಾನ್ಯವಾಗಿ ನೂರಾರು ವರ್ಷ ಬೇಕು. ಜಿಡ್ಡು ಅಂಟಿದ ಕಡೆ ಹೊಸ ಸುಣ್ಣ ಸರಿಯಾಗಿ ಕೂರುವುದಿಲ್ಲ, ಕಲೆ ಮಾತ್ರ ಕೂರುತ್ತದೆ!

ಬರೀ ಬಣ್ಣದ ದೀಪ ನೋಡಿ ಬರಬೇಡಿ, ಗೋಡೆಗಳಲ್ಲೇ ಇತಿಹಾಸ ಇರುತ್ತದೆ. ಸ್ಲೊವೇನಿಯಾದ ಪೋಸ್ಟೊಯ್ನಾ ಗುಹೆಯಲ್ಲಿ 1872ರಲ್ಲೇ ಹಳಿ ಹಾಕಿದ್ದರು, ಆಗ ಬಂಡಿ ತಳ್ಳುತ್ತಿದ್ದವರು ಗೈಡ್‌ಗಳೇ. ಬಾಗಿಲ ಬಳಿ ಗೋಡೆ ಕಪ್ಪಗಿದೆ, ಅಲ್ವಾ? 1944ರಲ್ಲಿ ಜರ್ಮನ್ ಸೇನೆ ಅಲ್ಲಿಟ್ಟಿದ್ದ ಇಂಧನವನ್ನು ಆ ಸೇನೆಯ ವಿರುದ್ಧ ಗೆರಿಲ್ಲಾ ಯುದ್ಧ ಮಾಡುತ್ತಿದ್ದ ಪಾರ್ಟಿಜಾನ್ ಹೋರಾಟಗಾರರು ಸುಟ್ಟಿದ್ದರ ಮಸಿ ಅದು.