ನಕಾಶೆ ನೋಡಿ ಸುಮ್ನಿರಬೇಡ, ಬೇಸ್ಮೆಂಟಿನಲ್ಲಿ ಒಂದು ಡಬ್ಬಿ ಇಡು

ತಮ್ಮಾ, ವಿಜಯಪುರದಿಂದ ಬಂದು ಎರಡು ವರ್ಷದಲ್ಲೇ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಸ್ವಂತ ಮನೆ ಆಯ್ತು, ಬಹಳ ಸಂತೋಷ. "ಇಲ್ಲಿ ರೇಡಾನ್ ಕಡಿಮೆ, ಟೆಸ್ಟ್ ಮಾಡಿಸಿದರೆ ರೊಕ್ಕ ದಂಡ ಅಂತ ಏಜೆಂಟ್ ಹೇಳಿದರು, ಹೌದಾ ಅಣ್ಣ?" ಅಂತ ಕೇಳಿದ್ದೀಯ. ರೇಡಾನ್ ಅಂದರೆ ನೆಲದಡಿಯಿಂದ ಮನೆಯೊಳಕ್ಕೆ ಬರುವ, ವಿಕಿರಣ ಸೂಸುವ ಅನಿಲ. ಟೆಸ್ಟ್ ಮಾಡು.

ಅವರ ಮಾತು ಪೂರ್ತಿ ಸುಳ್ಳಲ್ಲ. ಇಲ್ಲಿನ ಪರಿಸರ ಇಲಾಖೆ ಇಪಿಎ ದೇಶದ ಕೌಂಟಿಗಳನ್ನೆಲ್ಲ (ನಮ್ಮ ಜಿಲ್ಲೆಗಳ ಹಾಗೆ) 3 ವಲಯ ಮಾಡಿ ನಕಾಶೆ ಹಾಕಿದೆ. ನಮ್ಮ ಸಫೋಕ್ ಕೌಂಟಿ 3ನೆಯದರಲ್ಲಿದೆ. ಮನೆಗಳಲ್ಲಿ ರೇಡಾನ್ ಸರಾಸರಿ ಲೀಟರ್ ಗಾಳಿಗೆ 2 ಪಿಕೋಕ್ಯೂರಿಗಿಂತ (ವಿಕಿರಣ ಅಳೆಯುವ ಮಾಪ) ಕಡಿಮೆ ಅನ್ನುವ ಅಂದಾಜು ಅದು. ಆದರೆ ಅದು ಇಡೀ ಕೌಂಟಿಯ ಲೆಕ್ಕ, ನಿನ್ನ ಮನೆಯದಲ್ಲ. ಅಕ್ಕಪಕ್ಕದ ಎರಡು ಮನೆಗಳಲ್ಲೇ ಅಂಕಿ ಬೇರೆ ಬರುತ್ತದೆ.

ನಮ್ಮ ಬಸವನ ಬಾಗೇವಾಡಿ ಕಡೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದಡಿಯ ಗುಂಡಿ, ತೆಗೆಯುವುದನ್ನು ನೀನು ನೋಡಿದ್ದೀಯಾ? ನಮ್ಮ ಮುತ್ಯಾ ಅದರ ಬಾಯಿ ಮೇಲಿನ ಚಪ್ಪಡಿ ಸರಿಸಿ, ಅರ್ಧ ದಿನ ಹಾಗೇ ಬಿಡುತ್ತಿದ್ದ. ಆಮೇಲೆ ಒಳಗೆ ಕೆಟ್ಟ ಗಾಳಿ ಇದೆಯಾ ಅಂತ ನೋಡಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದ. ದೀಪ ಆರಿತೋ, ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ರೇಡಾನ್‌ಗೆ ಕಂದೀಲಿನ ಪರೀಕ್ಷೆ ನಡೆಯಲ್ಲ, ದೀಪ ಚೆನ್ನಾಗೇ ಉರಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಕಲ್ಲು-ಮಣ್ಣಿನೊಳಗಿನ ಯುರೇನಿಯಂನಿಂದ ಹುಟ್ಟಿ, ನೆಲದ ಬಿರುಕಿನಿಂದ ಮೇಲೆ ಬರುತ್ತದೆ. ಅಮೆರಿಕದಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಸಿಗರೇಟು ಬಿಟ್ಟರೆ ಇದೇ ದೊಡ್ಡ ಕಾರಣ. ವರ್ಷಕ್ಕೆ ಸುಮಾರು 21,000 ಜನ ಇದರಿಂದ ಸಾಯುತ್ತಾರೆ ಎಂದು ಇಪಿಎ ಅಂದಾಜು ಮಾಡಿದೆ.

ಊರಿನ ಮನೆಗೆ ಬೆಳಕಿಂಡಿ ಇರುತ್ತದೆ, ಬಾಗಿಲು ದಿನವಿಡೀ ತೆರೆದೇ ಇರುತ್ತದೆ. ಇಲ್ಲಿ ಚಳಿಗಾಲ ಪೂರ್ತಿ ಎಲ್ಲ ಮುಚ್ಚಿ ಹೀಟರ್ ಹಾಕುತ್ತೇವೆ. ಬಿಸಿ ಗಾಳಿ ಮೇಲೇರಿದ ಹಾಗೆ ಮನೆ ನೆಲದಡಿಯ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ.

ನಾನೂ ನಕಾಶೆ ನಂಬಿ ಆರು ವರ್ಷ ಸುಮ್ನಿದ್ದೆ. ಅಪ್ಪ-ಅವ್ವ ಬಂದಾಗಲೆಲ್ಲ ಬೇಸ್ಮೆಂಟಿನ ಕೋಣೆಯಲ್ಲೇ ಮಲಗುತ್ತಿದ್ದರು. ಒಂದು ಜನವರಿಯಲ್ಲಿ ಟೆಸ್ಟ್ ಮಾಡಿದೆ, 5.8 ಬಂತು. 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸರಿ ಮಾಡಿಸಿ ಅನ್ನುತ್ತದೆ ಇಪಿಎ. ಆ ಕಾಗದ ಓದುವಾಗ ಅವ್ವನ ಹಾಸಿಗೆಯೇ ಕಣ್ಣ ಮುಂದೆ ಬಂತು. ಇವತ್ತಿಗೂ ಅದು ಮನಸ್ಸಿನಿಂದ ಹೋಗಿಲ್ಲ, ಅದಕ್ಕೇ ನಿನಗೆ ಇಷ್ಟು ಒತ್ತಿ ಹೇಳುತ್ತಿರುವುದು.

ಹಾರ್ಡ್‌ವೇರ್ ಅಂಗಡಿಯಲ್ಲಿ ಇದ್ದಿಲಿನ ಟೆಸ್ಟ್ ಡಬ್ಬಿ ಸಿಗುತ್ತದೆ. ನೀವು ಓಡಾಡುವ ಅತಿ ಕೆಳಗಿನ ಮಹಡಿಯಲ್ಲಿ, ಸೊಂಟದೆತ್ತರದ ಮೇಜಿನ ಮೇಲೆ ಇಡು. ಅಡುಗೆಮನೆ, ಬಚ್ಚಲು ಬೇಡ. 12 ಗಂಟೆ ಮೊದಲೇ ಕಿಟಕಿ ಮುಚ್ಚು, ಟೆಸ್ಟ್ ಮುಗಿಯುವ ತನಕ ತೆಗೆಯಬೇಡ. ಡಬ್ಬಿಯ ಜೊತೆ ಬರೆದಷ್ಟು ದಿನ ತುಂಬಿದ ಕೂಡಲೇ ಲ್ಯಾಬಿಗೆ ಪೋಸ್ಟ್ ಮಾಡು, ತಡವಾದರೆ ಅಂಕಿ ಕೆಡುತ್ತದೆ. 4 ಅಥವಾ ಹೆಚ್ಚು ಬಂದರೆ ಗಾಬರಿ ಬೇಡ, ಇನ್ನೊಂದು ಸಲ ಮಾಡು.

ರಿಪೇರಿ ದೊಡ್ಡದಲ್ಲ. ನಮ್ಮಲ್ಲಿ ಕಾಂಕ್ರೀಟ್ ನೆಲಕ್ಕೆ ತೂತು ಹೊಡೆದು, ಪಿವಿಸಿ ಪೈಪ್ ಇಳಿಸಿ, ಅದನ್ನು ಛಾವಣಿಯ ಮೇಲಕ್ಕೆ ಒಯ್ದರು. ನಡುವೆ ಒಂದು ಫ್ಯಾನ್, ಹಗಲೂ ರಾತ್ರಿ ಓಡುತ್ತದೆ. ಪೈಪಿಗೆ ಬಾಗಿದ ಸಣ್ಣ ಕೊಳವೆ ಅಂಟಿಸಿದ್ದಾರೆ, ಒಳಗೆ ಕೆಂಪು ನೀರು. ಎರಡೂ ಕಡೆ ನೀರು ಸಮ ನಿಂತರೆ ಫ್ಯಾನ್ ಎಳೆಯುತ್ತಿಲ್ಲ ಅಂತ ಅರ್ಥ. ಬಟ್ಟೆ ಒಗೆಯಲು ಇಳಿದಾಗಲೆಲ್ಲ ಅದನ್ನು ನೋಡುತ್ತೇನೆ. ಈಗ ಮನೆಯಲ್ಲಿ ರೇಡಾನ್ 0.9 ಇದೆ. ಎರಡು ವರ್ಷಕ್ಕೊಮ್ಮೆ ಮತ್ತೆ ಟೆಸ್ಟ್ ಮಾಡುತ್ತೇನೆ.

ನಿಮ್ಮ ಅಪ್ಪ-ಅವ್ವ ಬರುವುದು ಯಾವಾಗ? ಅದಕ್ಕೂ ಮೊದಲೇ ಮುಗಿಸು. ಡಬ್ಬಿ ತಂದ ದಿನ ವಿಡಿಯೋ ಕಾಲ್ ಮಾಡು, ಎಲ್ಲಿ ಇಡಬೇಕು ಅಂತ ನೋಡಿ ಹೇಳುತ್ತೇನೆ.