ಫಾರ್ಮ್ ಓದಿದರೆ ದುಡ್ಡು ಬರುತ್ತಾ?

ಪ್ರಶ್ನೆ: ಕೆಲವು ವರ್ಷಗಳಿಂದ ಬೆಂಗಳೂರು, ಮೈಸೂರು ಎರಡೂ ಕಡೆ ಕುದುರೆ ರೇಸಿಗೆ ಹೋಗುತ್ತೇನೆ. ರೇಸ್ ಬುಕ್ ನೋಡಿ, ಹೋದ ಸಲ ಗೆದ್ದ ಕುದುರೆಗೇ ಕಟ್ಟುತ್ತೇನೆ. ಆದರೂ ಕೈ ಸುಡುತ್ತಿದೆ. ಫಾರ್ಮ್, ಅಂದರೆ ಕುದುರೆಯ ಹಿಂದಿನ ಓಟಗಳ ದಾಖಲೆ, ಓದುವುದು ಹೇಗೆ?
– ಹೆಸರು ಬೇಡ, ಮೈಸೂರು

ಉತ್ತರ: ಹೋದ ಸಲ ಗೆದ್ದಿತ್ತು ಅನ್ನೋದು ಮೈದಾನದಲ್ಲಿ ಇರುವವರಿಗೆಲ್ಲ ಗೊತ್ತು ಸ್ವಾಮಿ. ಯಾವ ಕುದುರೆ ಎಷ್ಟು ಭಾರ ಹೊರಬೇಕು ಅಂತ ಗೊತ್ತು ಮಾಡುವ ಹ್ಯಾಂಡಿಕ್ಯಾಪರ್‌ಗೆ ಇನ್ನೂ ಚೆನ್ನಾಗಿ ಗೊತ್ತು. ಗೆದ್ದ ಕುದುರೆಯ ರೇಟಿಂಗ್ ಏರಿಸುವುದೇ ಅವರ ಕೆಲಸ. ನಮ್ಮಲ್ಲಿ ರೇಟಿಂಗಿನ ಒಂದು ಪಾಯಿಂಟ್ ಅಂದರೆ ಅರ್ಧ ಕೆಜಿ ಭಾರ. 54 ಕೆಜಿ ಹೊತ್ತು ಗೆದ್ದ ಕುದುರೆಗೆ 8 ಪಾಯಿಂಟ್ ಏರಿಸಿದರು ಅಂತಿಟ್ಟುಕೊಳ್ಳಿ. ಅಂಥದ್ದೇ ರೇಸಿನಲ್ಲಿ ಅದು ಮತ್ತೆ ಓಡಿದರೆ ಬೆನ್ನ ಮೇಲೆ ಸುಮಾರು 58 ಕೆಜಿ ಇರುತ್ತೆ. ಇಲ್ಲವೇ ಮೇಲಿನ ಕ್ಲಾಸಿಗೆ ಹೋಗಿ, ಕಡಿಮೆ ಭಾರ ಹೊತ್ತರೂ ಗಟ್ಟಿ ಕುದುರೆಗಳ ಜೊತೆ ಓಡಬೇಕು. ನೀವು ಮಾತ್ರ ಹಳೇ ಗೆಲುವನ್ನೇ ನೋಡಿ ದುಡ್ಡು ಕಟ್ಟುತ್ತಿದ್ದೀರಿ.

ಗೆದ್ದಿದ್ದನ್ನು ಪಕ್ಕಕ್ಕಿಟ್ಟು, ಸೋತಿದ್ದು ಯಾಕೆ ಸೋತಿತು ಅಂತ ನೋಡುವುದನ್ನು ಕಲಿಯಿರಿ. ಐದನೇ ಸ್ಥಾನ ಬಂದ ಕುದುರೆಯ ವಿಡಿಯೊ ತೆಗೆದು ಅದೊಂದನ್ನೇ ಗಮನಿಸಿ, ಗೆದ್ದದ್ದರ ಕಡೆ ಕಣ್ಣೇ ಹಾಯಿಸಬೇಡಿ. ತಡವಾಗಿ ಹೊರಟಿತಾ, ತಿರುವಿನಲ್ಲಿ ಹೊರಗಡೆಯಿಂದ ಸುತ್ತು ಹಾಕಿಕೊಂಡು ಬಂತಾ, ಕೊನೆಯ 200 ಮೀಟರ್‌ನಲ್ಲಿ ಮುಂದೆ ದಾರಿ ಸಿಗದೆ ಜಾಕಿ ಲಗಾಮು ಎಳೆದನಾ? ಎರಡೂವರೆ ಲೆಂತ್‌ನಲ್ಲಿ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಸೋತಿದೆ ಅಂದರೆ ಅದು ಹೆಚ್ಚೂಕಡಿಮೆ ಅರ್ಧ ಸೆಕೆಂಡ್ ಅಷ್ಟೇ, ಒಂದು ಕೆಟ್ಟ ತಿರುವಿನಲ್ಲಿ ಅಷ್ಟು ಹೋಗಿಬಿಡುತ್ತೆ. 1200 ಮೀಟರ್‌ನಲ್ಲಿ ಕೊನೆಗೆ ನುಗ್ಗಿ ಬರುವ ಕುದುರೆ ಈ ಸಲ 1400ಕ್ಕೆ ಬಂದಿದ್ದರೆ ಅದರ ಪಕ್ಕ ಒಂದು ಗೆರೆ ಹಾಕಿ. ಮಳೆಗಾಲದಲ್ಲಿ ಪೆನೆಟ್ರೋಮೀಟರ್ ರೀಡಿಂಗನ್ನೂ ನೋಡಿ. ಅದು ಜಾಸ್ತಿ ಇದ್ದಷ್ಟೂ ನೆಲ ಮೆತ್ತಗಿದೆ ಅಂತ ಅರ್ಥ. ಗಟ್ಟಿ ನೆಲದಲ್ಲಿ ಹಾರಿಕೊಂಡು ಹೋದ ಕುದುರೆ ಕೆಸರಿನಲ್ಲಿ ಹಾಗೇ ಓಡುತ್ತೆ ಅಂತ ಹೇಳುವಂತಿಲ್ಲ.

ಪೇಪರಲ್ಲಿ ಬರುವ ಬೆಳಗಿನ ಟ್ರ್ಯಾಕ್‌ವರ್ಕ್ (ತಾಲೀಮು ಓಟದ ಟೈಮು) ಬಗ್ಗೆ ನನಗೆ ಅಂಥಾ ನಂಬಿಕೆ ಇಲ್ಲ. 600 ಮೀಟರ್ 40 ಸೆಕೆಂಡ್ ಅಂತ ಹಾಕಿರುತ್ತಾರೆ. ಮೇಲೆ ಕೂತಿದ್ದವನ ತೂಕ ಎಷ್ಟು, ಕುದುರೆಯನ್ನು ಪೂರ್ತಿ ಬಿಟ್ಟಿದ್ದನಾ ಇಲ್ಲ ಸುಮ್ನೆ ಹಿಡಿದುಕೊಂಡೇ ಓಡಿಸಿದನಾ, ಗಡಿಯಾರ ನೋಡಿದರೆ ಇದು ಗೊತ್ತಾಗಲ್ಲ. ತುಂಬಾ ದಿನ ರಜದಲ್ಲಿದ್ದು ವಾಪಸ್ ಬಂದ ಕುದುರೆ ಮೈ ಇಳಿಸಿದೆಯಾ ಅಂತ ತಿಳಿಯೋಕೆ ಬೇಕಾದರೆ ನೋಡಿ. ಅದಕ್ಕಿಂತ ರೇಸಿಗೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್ ಹತ್ತಿರ ನಿಂತು ಕಣ್ಣಾರೆ ನೋಡುವುದು ವಾಸಿ. ಓಡುವ ಮೊದಲೇ ಕತ್ತಿನ ಪಕ್ಕ, ತೊಡೆ ಸಂದಿಯಲ್ಲಿ ಬೆವರಿನ ನೊರೆ ಕಟ್ಟಿದ್ದರೆ ನಾನಂತೂ ಹಿಂದೆ ಸರಿಯುತ್ತೇನೆ.

ಇಷ್ಟೆಲ್ಲ ಸರಿಯಾಗಿ ಓದಿದರೂ ಬೆಲೆ ಅನ್ನೋದು ಒಂದಿದೆ. ಬುಕ್ಕಿ 100ಕ್ಕೆ 150 ಲಾಭ ಕೊಡ್ತೀನಿ ಅಂದರೆ, ಅಂಥ ಕುದುರೆ ನೂರಕ್ಕೆ ನಲವತ್ತು ಸಲ ಗೆದ್ದರೆ ಮಾತ್ರ ನಿಮ್ಮ ಅಸಲು ನಿಮಗೆ ಬರುತ್ತೆ, ಅದೂ ತೆರಿಗೆ ಲೆಕ್ಕಕ್ಕೆ ಹಿಡಿಯದೆ. ನಿಮ್ಮ ಅಂದಾಜಿನಲ್ಲಿ ಅದು ಮೂವತ್ತೇ ಸಲ ಗೆಲ್ಲುವ ಕುದುರೆ ಆಗಿದ್ದರೆ ಎಷ್ಟು ಒಳ್ಳೆಯದಾದರೂ ಬಿಡಿ. ಟೋಟ್‌ನಲ್ಲಿ ಇನ್ನೊಂದು ಥರ: ಎಲ್ಲರ ದುಡ್ಡನ್ನೂ ಒಟ್ಟು ಹಾಕಿ, ಕಮಿಷನ್ನು, ತೆರಿಗೆ ಮುರಿದುಕೊಂಡು, ಉಳಿದಿದ್ದನ್ನು ಗೆದ್ದವರಿಗೆ ಹಂಚುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಬೆಟ್ಟಿಂಗ್ ಮೇಲಿನ ಜಿಎಸ್‌ಟಿ ಶೇ 28ರಿಂದ 40ಕ್ಕೆ ಏರಿದೆ. ಗೆದ್ದ ಹಣಕ್ಕೆ ಶೇ 30ರ ಆದಾಯ ತೆರಿಗೆ ಬೇರೆ. ಸೋತ ದುಡ್ಡನ್ನು ಅದರಲ್ಲಿ ಕಳೆಯೋಕೂ ಬಿಡಲ್ಲ. ಹಾಗಾಗಿ ಫಾರ್ಮ್ ಓದಿದರೆ ನಷ್ಟ ಕಡಿಮೆ ಆಗಬಹುದು, ಲಾಭಕ್ಕೆ ಹೊರಳುವುದು ತೀರಾ ಕಷ್ಟ. ದಿನಕ್ಕೆ ಏಳೆಂಟು ರೇಸ್ ಇದ್ದರೆ ಒಂದೋ ಎರಡೋ ಆಡಿ, ಉಳಿದಿದ್ದನ್ನು ಕಾಫಿ ಕುಡಿಯುತ್ತಾ ನೋಡಿ.

ಪ್ರಶ್ನೆ: ವಾಟ್ಸ್ಆ್ಯಪ್ ಗುಂಪಿನಲ್ಲಿ ‘ಲಾಯದಿಂದಲೇ ಬಂದ ಸುದ್ದಿ’ ಅಂತ ಟಿಪ್ಸ್ ಕೊಡುತ್ತಾರೆ. ತಿಂಗಳಿಗೆ ಫೀಸು ಕಟ್ಟಬಹುದಾ?
– ಒಬ್ಬ ಓದುಗ, ಹಾಸನ

ಉತ್ತರ: ಬೇಡ. ನಿಜವಾದ ಸುದ್ದಿ ಸಿಕ್ಕವನು ಬಾಯಿ ಮುಚ್ಚಿಕೊಂಡು ತಾನೇ ಕಟ್ಟಿಕೊಳ್ಳುತ್ತಾನೆ, ಅಲ್ವಾ? ಹತ್ತು ಜನರಿಗೆ ಹತ್ತು ಕುದುರೆ ಹೇಳಿದರೆ ಒಬ್ಬನಾದರೂ ಗೆದ್ದೇ ಗೆಲ್ಲುತ್ತಾನೆ. ಮಾರನೇ ದಿನ ಸ್ಕ್ರೀನ್‌ಶಾಟ್ ಹಾಕುವುದು ಅವನದ್ದನ್ನೇ.

ಪ್ರಶ್ನೆ: ನಮ್ಮ ಯಜಮಾನರು ರಾತ್ರಿಯೆಲ್ಲ ರೇಸ್ ಬುಕ್ ಹಿಡಿದು ಕೂರುತ್ತಾರೆ. ಕೇಳಿದರೆ ‘ಇದು ಜೂಜಲ್ಲ, ಸುಪ್ರೀಂ ಕೋರ್ಟೇ ಹೇಳಿದೆ’ ಅನ್ನುತ್ತಾರೆ. ಹೌದಾ?
– ಗೃಹಿಣಿ, ತುಮಕೂರು

ಉತ್ತರ: ಹೇಳಿದ್ದು ನಿಜ. 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ, ಕುದುರೆ ರೇಸಿನಲ್ಲಿ ಅದೃಷ್ಟಕ್ಕಿಂತ ಕೌಶಲದ ಪಾಲು ದೊಡ್ಡದು ಅಂತ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಆ ಕೌಶಲ ನಿಮ್ಮ ಯಜಮಾನರಿಗಿದೆ ಅಂತ ಕೋರ್ಟ್ ಎಲ್ಲೂ ಬರೆದಿಲ್ಲಮ್ಮ. ಒಂದು ನೋಟ್‌ಬುಕ್ ಕೊಡಿ. ಕಟ್ಟಿದ್ದೆಷ್ಟು, ಯಾಕೆ ಆ ಕುದುರೆ ಅಂತ ರೇಸಿಗೆ ಮೊದಲೇ ಬರೆಯಲಿ, ಬಂದಿದ್ದೆಷ್ಟು ಅಂತ ಆಮೇಲೆ. ಫಾರ್ಮ್ ಓದುವ ಆಸಾಮಿ ಖುಷಿಯಿಂದ ಬರೆಯುತ್ತಾನೆ. ಬರೆಯೋಕೆ ಒಪ್ಪದೆ ರೇಗಿದರೆ, ಸಾಲ ಮುಚ್ಚಿಟ್ಟರೆ, ಸೋತಿದ್ದನ್ನು ವಾಪಸ್ ತೆಗೀತೀನಿ ಅಂತ ಮತ್ತೆ ಓಡಿದರೆ ತಡ ಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ನೀವೇ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಚಟ ಬಿಡಿಸುವ ಚಿಕಿತ್ಸೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದೆ. ಅಲ್ಲಿಯವರೆಗೆ ಒಡವೆ, ಪಾಸ್‌ಬುಕ್ಕು, ಎಟಿಎಂ ಕಾರ್ಡು ನಿಮ್ಮ ಕೈಯಲ್ಲೇ ಇರಲಿ.